ಸೋಮವಾರದ ಸಾಕ್ಷಿ

ಸುಗ್ಗಿ ಹಬ್ಬದ ಭಾನುವಾರ ನಮ್ಮ ಕಡೆಯ ಚರ್ಚಿನೊಳಗೆ ಕಾಲಿಟ್ಟರೆ ಹೊಸ ಕಾಳಿನ ವಾಸನೆ. ಎದುರಿಗೇ ಶೇಂಗಾ ಚೀಲ, ಉಳ್ಳಾಗಡ್ಡಿ ರಾಶಿ, ಮೆಣಸಿನಕಾಯಿ ಬುಟ್ಟಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಈ ಕಾಣಿಕೆಗಳ ಸವಾಲು, ಅಂದರೆ ಹರಾಜು, ಶುರುವಾಗುತ್ತದೆ. ಕುಂಬಳಕಾಯಿಯೊಂದನ್ನು ಸವಾಲಿನಲ್ಲಿ ಹಿಡಿದವರೇ ಅದನ್ನು ಮತ್ತೆ ದೇವರಿಗೆ ಬಿಟ್ಟುಕೊಡುತ್ತಾರೆ. ಅದು ಇನ್ನೊಮ್ಮೆ ಸವಾಲಿಗೆ ಬರುತ್ತದೆ.

ಇಂಥದೊಂದು ಹಬ್ಬದಲ್ಲಿ ವಯಸ್ಸಾದ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಎರಡು ಹಿಡಿ ಹೆಸರುಕಾಳು ಸುರುವಿದ್ದನ್ನು ಕಂಡೆ. ಪಕ್ಕದವರು ಏನೋ ಕೇಳಿದರು. “ಹೊಲ ಇಲ್ರಿ ನಮಗ. ಕೂಲಿಗೆ ಹೋದಲ್ಲಿ ಕೊಟ್ಟ ಕಾಳು. ಇದರಾಗೂ ದೇವರ ಪಾಲು ಐತೆಲ್ರಿ” ಎಂದರು ಆಕೆ.

ಕಾಣಿಕೆ ಪೆಟ್ಟಿಗೆಯ ಎದುರು ಕುಳಿತಿದ್ದ ಯೇಸು ಬಡ ವಿಧವೆಯೊಬ್ಬಳು ಹಾಕಿದ ಎರಡು ಪುಡಿಕಾಸನ್ನು ಸಿರಿವಂತರ ಹಣಕ್ಕಿಂತ ದೊಡ್ಡದೆಂದು ಎಣಿಸಿದ. ಕೊಟ್ಟದ್ದೆಷ್ಟು ಎಂಬುದಕ್ಕಿಂತ, ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದೆಷ್ಟು ಎಂದು ನೋಡಿದ. ಆದರೆ ಆ ತಾಯಿಯ ಮಾತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಕೂಲಿ’ ಎಂಬ ಪದ. ಭಾನುವಾರದ ಕಾಣಿಕೆಗೆ ಬೆಲೆ ಬರುವುದು ಅದರ ಹಿಂದಿನ ಆರು ದಿನಗಳ ದುಡಿಮೆಯಿಂದ. ಮೋಸದ ತೂಕದಲ್ಲಿ ಗಳಿಸಿದ ಸಾವಿರ ರೂಪಾಯಿಗೆ ಆ ಎರಡು ಹಿಡಿ ಕಾಳಿನ ತೂಕವಿಲ್ಲ.

ಯೇಸು ನಜರೇತಿನಲ್ಲಿ ಬಡಗಿ. ಪೌಲ ಗುಡಾರ ಮಾಡಿ ಹೊಟ್ಟೆ ಹೊರೆದುಕೊಂಡವನು. ಯಾವ ಕೆಲಸವನ್ನೂ ಕರ್ತನಿಗಾಗಿ ಎಂಬಂತೆ ಮಾಡಿರೆಂದು ಕೊಲೊಸ್ಸೆಯ ಸಭೆಗೆ ಬರೆದವನು. ಕಾಯಕದ ಮಾತು ಕೇಳುತ್ತ ಬೆಳೆದ ಈ ನೆಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಟಗೇರಿಯ ಕುಣಿಮಗ್ಗದ ಮುಂದೆ ಒಂದು ಗಳಿಗೆ ನಿಂತು ನೋಡಿ. ಹಾಸಿನ ಎಳೆಯೊಂದು ಹರಿದರೆ ನೇಕಾರ ಲಾಳಿ ನಿಲ್ಲಿಸುತ್ತಾನೆ, ಹರಿದ ತುದಿ ಹುಡುಕಿ ತೆಗೆದು ಬೆರಳಲ್ಲಿ ಹೊಸೆದು ಕೂಡಿಸುತ್ತಾನೆ. ಹಾಗೆಯೇ ಮುಂದೆ ನೇಯ್ದರೂ ಸೀರೆ ಬೆಳೆಯುತ್ತದೆ, ತಪ್ಪು ಮಡಿಕೆಯೊಳಗೆ ಅಡಗುತ್ತದೆ. ಯಾರೂ ನೋಡದ ಆ ಗಳಿಗೆಯಲ್ಲಿ ಮಗ್ಗ ನಿಲ್ಲಿಸುವ ಕೈ ಇದೆಯಲ್ಲ, ಅದು ಪ್ರಾರ್ಥನೆಗೆ ಮುಗಿದ ಕೈಯಷ್ಟೇ ಪವಿತ್ರ.

ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಇದೇ ಬೆಟಗೇರಿಗೆ ಬಂದದ್ದು 1841ರಲ್ಲಿ. ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಒಕ್ಕಲುತನದ ವಸಾಹತೊಂದನ್ನು ಕಟ್ಟಲು ನೋಡಿದರು. ಅದು ಬಹುಕಾಲ ಬಾಳಲಿಲ್ಲ. ಬಾಳಿದ್ದು ಶಾಲೆ, ಬಾಳಿದ್ದು ಆಸ್ಪತ್ರೆ. ಜನ ಅದನ್ನು ‘ಜರ್ಮನ್ ಆಸ್ಪತ್ರೆ’ ಎಂದು ಕರೆದರು. ಜ್ವರದಲ್ಲಿ ಬೇಯುವ ಮಗುವಿನ ಹಣೆ ಮುಟ್ಟುವ ನರ್ಸ್ ಯಾವ ದೇವರಿಗೆ ಕೈಮುಗಿಯುತ್ತಾಳೆ ಎಂದು ಯಾವ ತಾಯಿಯೂ ಕೇಳುವುದಿಲ್ಲ. ಆ ಕೈ ತಣ್ಣಗಿದ್ದರೆ ಸಾಕು.

ಹಾಗಾದರೆ ಕ್ರೈಸ್ತನ ಗುರುತು ಎಲ್ಲಿದೆ? ಹೆಸರಿನಲ್ಲೇ, ಉಡುಪಿನಲ್ಲೇ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಮುಂಡರಗಿಯಿಂದ ತುಂಗಭದ್ರೆ ದಾಟಿದರೆ ಹಡಗಲಿ ಸೀಮೆ. ಅಲ್ಲಿಯ ಉತ್ತಂಗಿ ಅವರ ಮನೆತನದ ಊರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಂದೆಯ ಹೆಸರು ದಾನಿಯೇಲಪ್ಪ: ಬೈಬಲ್ಲಿನ ಪ್ರವಾದಿಯೂ ನಮ್ಮ ಊರಿನ ‘ಅಪ್ಪ’ನೂ ಒಂದೇ ಹೆಸರಿನಲ್ಲಿ ಕೂಡಿ ಬಾಳಿದ್ದರು. ಮಗನಿಗೆ ಇಟ್ಟದ್ದು ಅಚ್ಚಗನ್ನಡದ ಚನ್ನಪ್ಪ. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ಕ್ರಿಸ್ತನನ್ನು ಸಾರುತ್ತಲೇ, ಬಾಯಿಪಾಠದಲ್ಲಿ, ಹಸ್ತಪ್ರತಿಗಳಲ್ಲಿ ಚೆದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ವರ್ಷಗಟ್ಟಲೆ ಕೂಡಿಹಾಕಿ 1924ರಲ್ಲಿ ಅಚ್ಚಿಗೆ ತಂದರು. ಶರಣರ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪ ಚರಿತ್ರೆಯಲ್ಲಿ ಇದ್ದದ್ದೇ ಎಂದು ಗ್ರಂಥ ಬರೆದು ವಾದಿಸಿದರು. ಕನ್ನಡಿಗರು ಅವರನ್ನು 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು, ‘ತಿರುಳ್ಗನ್ನಡದ ತಿರುಕ’ ಎಂದು ಕರೆದರು.

ಇದೂ ಒಂದು ದಾನವೇ. ಇನ್ನೊಬ್ಬರ ಮನೆಯ ದೀಪಕ್ಕೆ ತನ್ನ ಮನೆಯ ಎಣ್ಣೆ ಎರೆದ ದಾನ. ಹಾಗೆ ಎರೆದದ್ದರಿಂದ ಅವರ ಕ್ರಿಸ್ತಭಕ್ತಿ ಒಂದು ಹನಿಯೂ ಕಡಿಮೆಯಾಗಲಿಲ್ಲ. ತನ್ನ ವಿಶ್ವಾಸದಲ್ಲಿ ಬೇರು ಬಿಟ್ಟವನು ನೆರೆಯವನ ವಿಶ್ವಾಸಕ್ಕೆ ಹೆದರುವುದಿಲ್ಲ. ನಮ್ಮ ಸೀಮೆಯನ್ನೇ ನೋಡಿ: ಶಿರಹಟ್ಟಿಯ ಫಕೀರೇಶ್ವರನಿಗೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ, ಶಂಖ ಬಸದಿ, ಜಾಮಿಯಾ ಮಸೀದಿ ಒಂದೇ ಊರಿನ ಗಾಳಿ ಉಸಿರಾಡುತ್ತಿವೆ. ಇಂಥ ಸೀಮೆಯಲ್ಲಿ ಕ್ರೈಸ್ತನಾಗಿ ಬಾಳುವುದೆಂದರೆ ಮಣ್ಣು, ಮಾತು, ನೆಂಟಸ್ತಿಕೆ ಬಿಟ್ಟು ಹೊರನಡೆಯುವುದಲ್ಲ. ಅವುಗಳ ನಡುವೆಯೇ ಪ್ರೀತಿಯಿಂದ, ನೆಟ್ಟಗೆ ಬಾಳುವುದು.

ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವ ರೂಢಿ ನಮ್ಮಲ್ಲಿದೆ. ಒಳ್ಳೆಯದೇ. ಆದರೆ ನಿಜವಾದ ಸಾಕ್ಷಿಯನ್ನು ಕೇಳುವವರು ಸೋಮವಾರ ಸಿಗುತ್ತಾರೆ: ಗಿರಾಕಿ, ರೋಗಿ, ಶಾಲೆಯ ಮಗು, ಸಂಜೆ ಪಗಾರಕ್ಕೆ ಕಾದು ನಿಂತ ಕೂಲಿಯಾಳು. ಇಂದು ಕೆಲಸಕ್ಕೆ ಕೈಹಚ್ಚುವ ಮುನ್ನ ಒಮ್ಮೆ ತಕ್ಕಡಿ ನೋಡಿಕೊಳ್ಳಿ. ಹರಿದ ಎಳೆ ಕಂಡರೆ ಮಗ್ಗ ನಿಲ್ಲಿಸಿ. ದುಡಿದವರ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಅವರ ಕೈಗಿಡಿ. ಮುಂದಿನ ಭಾನುವಾರದ ಕಾಣಿಕೆ ಇಂದೇ ಶುರುವಾಗಿದೆ.