ಮೀನಿನ ಅಂಜಿಕೆ, ಕಲ್ಯಾಣದ ಮದುವೆ

ಬೀದರ್ ತಾಲ್ಲೂಕಿನ ಮನ್ನಳ್ಳಿಯಲ್ಲಿ ಬಾವಿ ತೋಡಿ ಆದಿಕಾಲದ ಮೀನು ಹುಡುಕುವವರಿಗೆ ನಿರಾಸೆಯೇ ಗತಿ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ನಾಡು. ಆದರೆ ಜಿಲ್ಲೆಯ ಮಾಂಜ್ರಾ ಹೊಳೆ ಗೋದಾವರಿಯನ್ನು ಸೇರುತ್ತದೆ. ಮುಂದೆ ಕಾಳೇಶ್ವರದಲ್ಲಿ ಅದೇ ಗೋದಾವರಿಯನ್ನು ಕೂಡುವ ಪ್ರಾಣಹಿತೆಯ ದಂಡೆಯಲ್ಲಿ ಕೋಟಾ ಎಂಬ ಹಳ್ಳಿಯಿದೆ. ದಖ್ಖನ್ನಿನ ಹೆಸರನ್ನೇ ಹೊತ್ತ ಲೆಪಿಡೋಟಿಸ್ ಡೆಕ್ಕನೆನ್ಸಿಸ್ ಎಂಬ ಜುರಾಸಿಕ್ ಕಾಲದ ಮೀನು ಅಲ್ಲಿ ಕಲ್ಲಾಗಿ ಸಿಕ್ಕಿದೆ.

ಕಲ್ಲಾದ ಮೀನು ಎಲುಬಿನ ಕತೆ ಹೇಳೀತು, ಅಷ್ಟೆ. 2004ರಲ್ಲಿ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಸಿಕ್ಕ, 37.5 ಕೋಟಿ ವರ್ಷ ಹಳೆಯ ಟಿಕ್ಟಾಲಿಕ್ ಎಂಬ ಮೀನಿನ ಈಜುರೆಕ್ಕೆಯಲ್ಲಿ ಮನುಷ್ಯನ ಮಣಿಕಟ್ಟಿನ ಪೂರ್ವರೂಪವಿತ್ತು. ಮನಸ್ಸಿನ ಕತೆಗೆ ಮಾತ್ರ ಬದುಕಿರುವ ಮೀನನ್ನೇ ನೋಡಬೇಕು.

2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಜೀಬ್ರಾಮೀನಿನ ಅಧ್ಯಯನವೊಂದು ಪ್ರಕಟವಾಯಿತು. ಒಂದು ಮೀನು ಅಂಜಿ ನಿಶ್ಚಲವಾದರೆ, ಅದನ್ನು ಕಂಡ ಇನ್ನೊಂದಕ್ಕೂ ಅಂಜಿಕೆ ಹತ್ತುತ್ತದೆ. ಆಕ್ಸಿಟೋಸಿನ್ ಎಂಬ ಮೈರಸದ ವ್ಯವಸ್ಥೆ ಕೆಟ್ಟ ಮೀನಿಗೆ ಹತ್ತುವುದಿಲ್ಲ; ಪಕ್ಕದ ಜೀವದ ಸಂಕಟ ಅದನ್ನು ತಟ್ಟುವುದೇ ಇಲ್ಲ. ಹೆರಿಗೆಯಲ್ಲಿ, ಎದೆಹಾಲಿನಲ್ಲಿ, ತಾಯಿ ಮಗುವಿನ ನಂಟಿನಲ್ಲಿ ಕೆಲಸ ಮಾಡುವುದೂ ಇದೇ ರಸ. ಮನುಷ್ಯ ಮತ್ತು ಜೀಬ್ರಾಮೀನು ಬೇರೆಯಾಗಿ 40 ಕೋಟಿ ವರ್ಷಕ್ಕೂ ಹೆಚ್ಚಾಯಿತು. ಕರುಳು ಚುರ್ ಎನ್ನುವುದು ಅಷ್ಟು ಹಳೆಯ ಸ್ವತ್ತು.

ಹಾಗಾದರೆ ದಯೆ ಬರೀ ರಸಾಯನವೇ? ಧರ್ಮಕ್ಕೆ ಇಲ್ಲೇನು ಕೆಲಸ?

ಕೆಲಸ ಇರುವುದು ನಮ್ಮವರು, ಹೊರಗಿನವರು ಎಂಬ ಬೇಲಿಯ ಹತ್ತಿರ. 2010ರಲ್ಲಿ ನೆದರ್ಲೆಂಡ್ಸ್‌ನ ಕಾರ್ಸ್ಟನ್ ಡಿ ಡ್ರೂ ಮತ್ತು ಸಂಗಡಿಗರು ಗಂಡಸರ ಮೂಗಿಗೆ ಆಕ್ಸಿಟೋಸಿನ್ ಸಿಂಪಡಿಸಿ ನೋಡಿದರು. ತಮ್ಮ ಗುಂಪಿನ ಮೇಲಿನ ಪ್ರೀತಿ, ನಂಬಿಕೆ ಹೆಚ್ಚಿದವು. ಹೊರಗಿನವರಿಂದ ಅಪಾಯವೆನಿಸಿದಾಗ ಅವರ ವಿರುದ್ಧ ನಿಲ್ಲುವ ಚಾಳಿಯೂ ಬಲಿಯಿತು. ರಸವು ನಮ್ಮವರನ್ನು ಅಪ್ಪಿಸುತ್ತದೆ. ಯಾರು ನಮ್ಮವರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಯನ್ನು ಎತ್ತಿದ್ದು ಬೀದರ್ ಜಿಲ್ಲೆಯ ಕಲ್ಯಾಣ, 12ನೇ ಶತಮಾನದಲ್ಲಿ. ಶರಣ ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸ ತನ್ನ ಮಗಳನ್ನು ಕೊಟ್ಟ. ಅದಕ್ಕಾಗಿ ಅರಸ ಬಿಜ್ಜಳ ಬೀಗರಿಬ್ಬರಿಗೂ ಎಳೆದು ಕೊಲ್ಲುವ ಎಳೆಹೂಟೆ ಶಿಕ್ಷೆ ವಿಧಿಸಿದ. ಮೀನಿನಿಂದ ಬಂದ ಸ್ವಭಾವವೆಂದು ಅರಸನ ತಪ್ಪನ್ನು ಮಾಫಿ ಮಾಡಲಾಗದು; ಅದೇ ಮೈರಸ ಹರಳಯ್ಯನಲ್ಲೂ ಮಧುವರಸನಲ್ಲೂ ಇತ್ತು, ಅವರು ಬೇಲಿ ದಾಟಿದರು.

ಆ ಶರಣರ ಮುಂದಾಳು ಬಸವಣ್ಣನ ಪಟಕ್ಕೆ ದಿನವೂ ಹೂವೇರಿಸುವ ಹಲವು ಮನೆಗಳಲ್ಲಿ, ಸಂಬಂಧದ ಮಾತು ಬಂದಾಗ ಇಂದಿಗೂ ಮೊದಲು ಕೇಳುವುದು ಜಾತಿಯನ್ನೇ.