ತೆನೆಯ ಆಚೆ ಬದಿ

ಈ ಮಳೆಗಾಲದಲ್ಲಿ ಅರಸೀಕೆರೆ ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ, ರೈಲಿಗೆ ಕಾಯುತ್ತ, ಒಂದರ ಹಿಂದೊಂದು ಎರಡು ಕಾದಂಬರಿ ಓದಿ ಮುಗಿಸಿದೆ. ಮೊದಲನೆಯದು ವಸುಧೇಂದ್ರರ ‘ತೇಜೋ ತುಂಗಭದ್ರಾ’. 2019ರಲ್ಲಿ ಬಂದ ಪುಸ್ತಕ ನನ್ನ ಕೈ ಸೇರಿದ್ದು ತಡವಾಗಿ. ಎರಡನೆಯದು ಕೆ. ಎನ್. ಗಣೇಶಯ್ಯನವರ ‘ಕನಕ ಮುಸುಕು’. ಬೇರೆ ಬೇರೆ ವರ್ಷ ಓದಿದ್ದರೆ ಎರಡನ್ನೂ ಮೆಚ್ಚಿ ಸುಮ್ಮನಾಗುತ್ತಿದ್ದೆನೇನೋ. ಬೆನ್ನಿಗೆ ಬೆನ್ನು ಓದಿದ್ದರಿಂದ ಅವು ನನ್ನ ತಲೆಯೊಳಗೆ ಒಂದು ಜೋಳದ ತೆನೆಗಾಗಿ ವಾದಕ್ಕೆ ಕೂತವು.

‘ತೇಜೋ ತುಂಗಭದ್ರಾ’ದಲ್ಲಿ ಲಿಸ್ಬನ್ನಿನ ಗೇಬ್ರಿಯಲ್ ಬೆಲ್ಲಾಳನ್ನು ಮದುವೆಯಾಗುವಷ್ಟು ಹಣ ಸಂಪಾದಿಸಲೆಂದು ಹಡಗು ಹತ್ತುತ್ತಾನೆ. ಪ್ರೀತಿಯ ಕಥೆಗಿಂತ ನನ್ನನ್ನು ಹಿಡಿದದ್ದು ಆ ಹಡಗುಗಳು. 1492ರಲ್ಲಿ ಕೊಲಂಬಸ್ ಅಟ್ಲಾಂಟಿಕ್ ದಾಟಿದ ಮೇಲೆ ಮೆಣಸಿನಕಾಯಿ, ಗೋಡಂಬಿ, ಸೀಬೆ, ಪರಂಗಿ ಇಂಥ ಹಡಗುಗಳಿಂದಲೇ ನಮ್ಮ ಕರಾವಳಿಯಲ್ಲಿ ಇಳಿದವು. ಮೆಕ್ಸಿಕೋದಲ್ಲಿ ಹುಟ್ಟಿದ ಮುಸುಕಿನ ಜೋಳವೂ ಆ ದಾರಿಯದೇ ಎನ್ನುತ್ತಾರೆ. ಅವ್ವ ಒಗ್ಗರಣೆಗೆ ಮುರಿದು ಹಾಕುತ್ತಿದ್ದ ಮೆಣಸಿನಕಾಯಿ ಪರದೇಶದ್ದೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಪುಸ್ತಕ ಮುಗಿಸಿದ ರಾತ್ರಿ ಅಡುಗೆಮನೆಯ ಡಬ್ಬಿಗಳ ಮುಂದೆ ಸುಮಾರು ಹೊತ್ತು ನಿಂತಿದ್ದೆ.

ಅಷ್ಟರಲ್ಲಿ ‘ಕನಕ ಮುಸುಕು’ ಬಂದು ಆ ಲೆಕ್ಕವನ್ನೆಲ್ಲ ಅಲುಗಿಸಿತು. ಗಣೇಶಯ್ಯನವರು ಕೃಷಿ ವಿಜ್ಞಾನಿ. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳವಿದೆ ಎಂಬ ಎಳೆ ಹಿಡಿದು ಅವರ ಕಥೆ ಓಡುತ್ತದೆ. ಓಟ ಹೆಚ್ಚಾಯಿತು, ಪಾತ್ರಗಳಿಗೆ ಕೂತು ಉಸಿರಾಡಲು ಪುರಸೊತ್ತಿಲ್ಲ ಎಂದು ನನಗನ್ನಿಸಿತು. ಎಳೆ ಮಾತ್ರ ಕಟ್ಟುಕಥೆಯಲ್ಲ. 1989ರಲ್ಲಿ ಅಮೆರಿಕದ ಕಾರ್ಲ್ ಜೋಹಾನೆಸ್ಸೆನ್ ಮತ್ತು ಆನ್ ಪಾರ್ಕರ್, ಈ ಗುಡಿಗಳಲ್ಲಿರುವುದು ಜೋಳದ ತೆನೆಯೇ ಎಂದು ಬರೆದರು. 1993ರಲ್ಲಿ ಪಾಯಕ್ ಮತ್ತು ಸಚನ್ ಅಲ್ಲಗಳೆದರು. ಅದು ಮುಕ್ತಾಫಲ, ಮುತ್ತುಗಳನ್ನೇ ಪೋಣಿಸಿದಂಥ ಕಲ್ಪನೆಯ ಹಣ್ಣು ಎಂಬುದು ಅವರ ಮಾತು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ, ಕೊಲಂಬಸ್ಸನಿಗಿಂತ 375 ವರ್ಷ ಮೊದಲು. ನನ್ನ ಬುದ್ಧಿ ಅಲ್ಲಗಳೆದವರ ಕಡೆಗಿದೆ. ಆದರೂ ಒಂದು ಭಾನುವಾರ ಜಾವಗಲ್ ಮೇಲೆ ಹಳೇಬೀಡಿನ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ತೆಂಗಿನ ತೋಟ, ತೋಟದ ಸಂದಿಯಲ್ಲಿ ಜೋಳದ ಹೊಲ. ಆಳೆತ್ತರ ಬೆಳೆದು ಸೂಲಂಗಿ ಬಿಟ್ಟಿದ್ದವು.

ಹೊಯ್ಸಳೇಶ್ವರ ಗುಡಿಗೆ ನಾನು ಎಷ್ಟು ಸಲ ಬಂದಿದ್ದೇನೋ. ಮನೆಗೆ ಬಂದ ನೆಂಟರಿಗೆ ತೋರಿಸುವುದೇ ಅದನ್ನು. ಕೆಳಗಿನ ಆನೆಯ ಸಾಲು, ಮೇಲಿನ ರಾಮಾಯಣ, ಮಹಾಭಾರತ ಎಲ್ಲ ಬಾಯಿಪಾಠ. ಆದರೆ ಶಿಲ್ಪಗಳ ಕೈಯಲ್ಲಿ ಏನಿದೆಯೆಂದು ಕೇಳಿಕೊಂಡವನಲ್ಲ. ಅವತ್ತು ಮುಖಗಳನ್ನು ಬಿಟ್ಟು ಬರೀ ಕೈಗಳನ್ನು ನೋಡುತ್ತ ಗೋಡೆ ಸುತ್ತಿದೆ. ಡಮರು, ಪಾಶ, ಕಮಲ, ಮಾದಲದ ಹಣ್ಣು. ಅರ್ಧ ದಿನ ಕಳೆದ ಮೇಲೆ ಒಂದು ಅಂಗೈಯಲ್ಲಿ ಉದ್ದನೆಯ ಕಾಯೊಂದು ಕಂಡಿತು. ತುದಿ ಚೂಪು, ಮೈತುಂಬ ಕಾಳು, ಕಾಳೆಲ್ಲ ಸಾಲಾಗಿ. ಸುತ್ತ ಮುಸುಕು ಮಾತ್ರ ಇಲ್ಲ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದಂತೆ. ಆ ಮೆತ್ತನೆಯ ಹೊತ್ತಿನಲ್ಲಿ ಈ ಕಾಳುಗಳನ್ನು ಒಂದೊಂದಾಗಿ ಬಿಡಿಸಿದವನು ಏನನ್ನು ನೆನೆಯುತ್ತಿದ್ದ? ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಶಿಲ್ಪದ ಕೆಳಗೇ ಬರೆದಿಟ್ಟಿದ್ದಾರೆ. ಹಣ್ಣಿನ ಹೆಸರು ಬರೆಯಬೇಕೆಂದು ಯಾರಿಗೂ ತೋರಿಲ್ಲ. ಅಂದಿನವರಿಗೆ ಅದು ಅಷ್ಟು ಗೊತ್ತಿದ್ದ ವಸ್ತುವೇ ಇರಬೇಕು.

ಗೇಟಿನಾಚೆ ಒಬ್ಬ ಅಜ್ಜಿ ಕೆಂಡದ ಮೇಲೆ ಜೋಳ ಸುಡುತ್ತಿದ್ದರು.

“ಎಳೇದೈತೆ, ತಗಳಿ ಸಾ.”

ಮುಸುಕು ಸುಲಿದು, ಉಪ್ಪು ಖಾರ ಸವರಿ ಕೊಟ್ಟರು. ಜೋಳವೂ ಆ ಖಾರವೂ ಒಂದೇ ಸೀಮೆಯಿಂದ ಬಂದವೆಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಜೋಳದ ಕಾಳು ಜೋಡಿಜೋಡಿಯಾಗಿ ಹುಟ್ಟುವುದರಿಂದ ತೆನೆಯ ಸಾಲುಗಳು ಯಾವಾಗಲೂ ಸಮಸಂಖ್ಯೆ ಎಂದು ಎಲ್ಲೋ ಓದಿದ್ದು ನೆನಪಾಗಿ, ತಿರುಗಿಸುತ್ತ ಎಣಿಸಿದೆ. ಹದಿನಾಲ್ಕು.

“ಅದೇನ್ ಎಣಿಸ್ತೀರಾ ಸಾ, ತಿನ್ನಿ, ಆರೋಯ್ತದೆ.”

ತಿಂದು, ಕೈ ತೊಳೆದು, ಮತ್ತೆ ಒಳಗೆ ಹೋದೆ. ಬಿಸಿಲು ಓರೆಯಾಗಿ ಗೋಡೆಗೆ ಬೀಳುತ್ತಿತ್ತು. ಅದೇ ಅಂಗೈಯ ಮುಂದೆ ನಿಂತು ಕಲ್ಲಿನ ಸಾಲುಗಳನ್ನು ಎಣಿಸಿದೆ. ನನ್ನ ಕಡೆಗೆ ಐದು. ಉಳಿದವು ಅಂಗೈಯೊಳಗೆ, ಅಂಗೈ ಗೋಡೆಯೊಳಗೆ.