ಹಳೆಯದು ಊರಿಗೆ

ಮುಂಬಯಿಯಲ್ಲಿ ಮನೆಯ ವಸ್ತುವೊಂದು ಹಳತಾಯಿತೆಂದರೆ ನಾವು ಕರಾವಳಿಯವರು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. "ಊರಿಗೆ ಕೊಟ್ಟರಾಯಿತು" ಅನ್ನುತ್ತೇವೆ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಮಕ್ಕಳಿಗೆ ಚಿಕ್ಕದಾದ ಅಂಗಿ, ಒಂದು ಬದಿ ಮಾತ್ರ ಕೇಳಿಸುವ ಟೇಪ್ ರೆಕಾರ್ಡರು, ಎಲ್ಲವೂ ಮೇ ತಿಂಗಳಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ಸೀಟಿನಡಿ ಸೇರಿ ಊರು ತಲಪುತ್ತವೆ. ಈ ಪುಸ್ತಕ ಓದುತ್ತಿರುವ ನಿಮ್ಮ ಮನೆಯ ಅಟ್ಟದಲ್ಲೂ ಅಂಥದ್ದು ಒಂದೆರಡು ಇರಬಹುದು. ಕೊಟ್ಟವರ ಹೆಸರು ಅದಕ್ಕೆ ಇನ್ನೂ ಅಂಟಿಕೊಂಡಿರಲೂ ಸಾಕು.

ನಾನು ಹಾಗೆ ಕೊಟ್ಟ ಒಂದು ಕ್ಯಾಮೆರಾದ ಕತೆ ಇದು. ಕತೆ ಅನ್ನುವುದಕ್ಕಿಂತ ಲೆಕ್ಕ ಅನ್ನಬೇಕು. ನನ್ನ ಕಡೆಯಿಂದ ಬಾಕಿ ಉಳಿದ ಲೆಕ್ಕ.

2010ರಲ್ಲಿ ಎರಡು ತಿಂಗಳ ಸಂಬಳ ಸುರಿದು ಒಂದು ಡಿಎಸ್‌ಎಲ್‌ಆರ್ ಕೊಂಡೆ. ಜೊತೆಗೆ ಸ್ವಲ್ಪ ಕಡಿಮೆ ಬೆಲೆಗೆ ಸಿಗುವ 50 ಮಿಲಿಮೀಟರಿನ ಲೆನ್ಸು. ಆರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಮುಖದ ಚಿತ್ರಗಳು ಮಂಕಾಗತೊಡಗಿದವು. ಸಮುದ್ರ, ಗಣಪತಿ ಮೆರವಣಿಗೆ, ಹಗಲು ಬೆಳಕಿನ ಗುಂಪು ಫೋಟೋ ಎಲ್ಲ ಸರಿಯೇ ಬರುತ್ತಿತ್ತು. ಮಗಳನ್ನು ಹತ್ತಿರದಿಂದ ತೆಗೆದರೆ ಮಾತ್ರ ಏನೋ ಒಂದು ಸೊರಗಿದಂತೆ. ಕೈ ನಡುಗುತ್ತಿರಬೇಕು ಅಂದುಕೊಂಡೆ. ಕನ್ನಡಕದ ನಂಬರು ಬದಲಾಗಿರಬೇಕು ಅಂತಲೂ ಅಂದುಕೊಂಡು ಕಣ್ಣಿನ ಡಾಕ್ಟರಲ್ಲಿಗೂ ಹೋಗಿಬಂದೆ. ಕ್ಯಾಮೆರಾ ರಿಪೇರಿಗೆ ಒಯ್ಯಲಿಲ್ಲ. ಅಧಿಕೃತ ಸರ್ವಿಸ್ ಸೆಂಟರೊಂದಕ್ಕೆ ಫೋನ್ ಮಾಡಿದ್ದೆ. ಅಲ್ಲಿನ ಹುಡುಗ ಮಾದರಿಯ ಹೆಸರು ಕೇಳಿ, ಇಷ್ಟು ಹಳೆಯದಕ್ಕೆ ಖರ್ಚು ಮಾಡುವ ಬದಲು ಹೊಸದು ನೋಡಿ ಸರ್, ಎಂದ. ನನಗೂ ಬೇಕಾಗಿದ್ದ ಉತ್ತರ ಅದೇ.

2019ರಲ್ಲಿ ಮಿರರ್‌ಲೆಸ್ ಕೊಂಡೆ. ಅಂಗಡಿಯವನು ಹಳೆಯದನ್ನು ಕೊಟ್ಟರೆ ಆರು ಸಾವಿರ ಕಳೆಯುತ್ತೇನೆಂದ. ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತ, "ಕೋಯಿ ಪ್ರಾಬ್ಲಮ್?" ಎಂದು ಕೇಳಿದ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಆರು ಸಾವಿರಕ್ಕೆ ಯಾಕೆ ಕೊಡುವುದು, ಅಕ್ಕನ ಮಗನಿಗೆ ಕೊಟ್ಟರೆ ಹೆಸರಾದರೂ ಬರುತ್ತದೆ ಎಂದು ಮನೆಗೆ ತಂದೆ. ಅಪರಿಚಿತ ಕೇಳುವ ಪ್ರಶ್ನೆಯನ್ನು ನೆಂಟರು ಕೇಳುವುದಿಲ್ಲ ಎಂಬುದು ಆಗಲೇ ನನ್ನ ಮನಸ್ಸಿನ ಯಾವುದೋ ಮೂಲೆಗೆ ಗೊತ್ತಿತ್ತೋ ಏನೋ.

ಹೊಸ ಕ್ಯಾಮೆರಾ ಬಂದ ಮೊದಲ ವಾರವೇ ಒಂದು ಸಂಗತಿ ಸ್ಪಷ್ಟವಾಯಿತು. ಮಗಳ ರೆಪ್ಪೆಗೂದಲು ಎಣಿಸುವ ಹಾಗೆ ಬಂದವು. ನನ್ನ ಕೈ ಸರಿಯಿತ್ತು, ಕಣ್ಣೂ ಸರಿಯಿತ್ತು. ಅಂದರೆ ದೋಷ ಹಳೆಯ ಕ್ಯಾಮೆರಾದ್ದು. ಅದು ಖಾತ್ರಿಯಾದ ಮೇಲೆಯೇ ನಾನು ಅದನ್ನು ಒರೆಸಿ, ಚೀಲಕ್ಕೆ ಹಾಕಿ ಕುಂದಾಪುರಕ್ಕೆ ಒಯ್ದದ್ದು. ಈ ಕ್ರಮವನ್ನು ದಯವಿಟ್ಟು ಗಮನಿಸಿ. ನಾನು ಬಹಳ ಕಾಲ ಗಮನಿಸಿರಲಿಲ್ಲ.

ಇಲ್ಲಿ ಸ್ವಲ್ಪ ಯಂತ್ರದ ಮಾತು ಬೇಕು. ಆಟೋಫೋಕಸ್ ತೀರಾ ಹಳೆಯ ಸಂಗತಿಯಲ್ಲ. ಜನರ ಕೈಗೆ ಸಿಕ್ಕ ಮೊದಲ ಆಟೋಫೋಕಸ್ ಕ್ಯಾಮೆರಾ 1977ರ ಕೋನಿಕಾ ಸಿ35 ಎಎಫ್. ಲೆನ್ಸು ಬದಲಿಸಬಹುದಾದ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಅದನ್ನು ರೂಢಿಗೆ ತಂದದ್ದು 1985ರ ಮಿನೋಲ್ಟಾ 7000. ಡಿಎಸ್‌ಎಲ್‌ಆರ್‌ಗಳಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದಿದೆ. ನಮ್ಮ ಕಣ್ಣಿಗೆ ಚಿತ್ರ ತೋರಿಸುವುದು ಅದೇ. ಅದರ ಬೆನ್ನಿಗೆ ಇನ್ನೊಂದು ಪುಟ್ಟ ಕನ್ನಡಿ. ಅದು ಬೆಳಕಿನ ಒಂದಂಶವನ್ನು ಕೆಳಗಿಳಿಸಿ, ತಳದಲ್ಲಿರುವ ಫೋಕಸ್ ಸೆನ್ಸರಿಗೆ ಮುಟ್ಟಿಸುತ್ತದೆ. ದೂರವನ್ನು ಅಳೆಯುವುದು ಆ ತಳದ ಸೆನ್ಸರು, ಚಿತ್ರ ಹಿಡಿಯುವುದು ಹಿಂದಿನ ದೊಡ್ಡ ಸೆನ್ಸರು. ಎರಡಕ್ಕೂ ಬೆಳಕು ಕ್ರಮಿಸುವ ದಾರಿ ಒಂದೇ ಉದ್ದ ಇರಬೇಕು. ಪುಟ್ಟ ಕನ್ನಡಿ ಕೂದಲೆಳೆಯಷ್ಟು ಸರಿದರೂ ಸಾಕು, ಕ್ಯಾಮೆರಾ "ಫೋಕಸ್ ಆಯಿತು" ಎಂದು ಬೀಪ್ ಹೊಡೆಯುತ್ತದೆ, ಚಿತ್ರ ಮಾತ್ರ ಸ್ವಲ್ಪ ಹಿಂದಕ್ಕೋ ಮುಂದಕ್ಕೋ ಸ್ಪಷ್ಟವಾಗಿರುತ್ತದೆ. ಅದಕ್ಕೆ ಸುಳ್ಳು ಹೇಳುವ ಉದ್ದೇಶವಿಲ್ಲ. ತನ್ನ ಅಳತೆಯಲ್ಲಿ ಎಲ್ಲ ಸರಿಯಾಗಿಯೇ ಇದೆ.

ಲೆನ್ಸಿನ ಕಿಂಡಿ ಚಿಕ್ಕದಿದ್ದಾಗ ಈ ದೋಷ ಮುಚ್ಚಿಹೋಗುತ್ತದೆ, ಏಕೆಂದರೆ ಹಿಂದುಮುಂದಿನದೆಲ್ಲ ಸಾಕಷ್ಟು ಸ್ಪಷ್ಟವಾಗಿಯೇ ಬರುತ್ತದೆ. 50 ಮಿಲಿಮೀಟರ್ ಲೆನ್ಸನ್ನು 1.8ರ ಅಪರ್ಚರಿನಲ್ಲಿ ತೆರೆದು ಒಂದೂವರೆ ಮೀಟರ್ ದೂರದ ಮುಖ ತೆಗೆದರೆ ಸ್ಪಷ್ಟವಾಗಿರುವ ಪಟ್ಟಿ ಆರೇಳು ಸೆಂಟಿಮೀಟರ್ ಮಾತ್ರ. ಕಣ್ಣಿಗಿಟ್ಟ ಗುರಿ ಕಿವಿಗೆ ಹೋಗುತ್ತದೆ.

ಅಳಿಯನಿಗೆ ಯಕ್ಷಗಾನದ ಹುಚ್ಚು. ಅವನು ತೆಗೆಯುತ್ತಿದ್ದದ್ದೆಲ್ಲ ರಾತ್ರಿಯ ಚೌಕಿಯಲ್ಲಿ, ಬಲ್ಬಿನ ಬೆಳಕಿನಲ್ಲಿ, ಬಣ್ಣ ಹಚ್ಚಿಕೊಳ್ಳುತ್ತ ಕೂತ ಕಲಾವಿದರ ಮುಖಗಳು. ಬೆಳಕು ಕಡಿಮೆ, ಕಿಂಡಿ ಪೂರ್ತಿ ತೆರೆಯಲೇಬೇಕು, ದೂರವೂ ಕೈಯಳತೆಯಷ್ಟೇ. ಆ ಕ್ಯಾಮೆರಾದ ದೋಷ ಹೊರಬೀಳಲು ಇದಕ್ಕಿಂತ ಒಳ್ಳೆಯ ಜಾಗ ಬೇರೊಂದಿಲ್ಲ. ಒಂದು ಸಲ ಫೋನಿನಲ್ಲಿ, "ಕಣ್ಣ್ ಕ್ಲಿಯರ್ ಬತ್ತಿಲ್ಲ ಮಾವ, ನನ್ ಕೈಯೇ ಸಮ ಇಲ್ಲ ಕಾಣತ್" ಅಂದ. ನಾನು ಏನಂದೆ ಎಂದು ನೆನಪಿದೆ. ಅಭ್ಯಾಸ ಮಾಡು, ಬರ್ತದೆ, ಅಂದೆ.

2022ರ ಮೇ ತಿಂಗಳಲ್ಲಿ ಊರಿಗೆ ಹೋದಾಗ ಕ್ಯಾಮೆರಾ ಕಪಾಟಿನ ಮೇಲಿತ್ತು. ಅವನ ಕೈಯಲ್ಲಿ ಮೊಬೈಲು. ಊರಿನ ಸಂಘದವರು ಸ್ಮರಣ ಸಂಚಿಕೆಗೆ ಅವನ ಚಿತ್ರ ಕೇಳಿ, ನೋಡಿ, ಬೇಡವೆಂದು ಬೇರೆಯವರ ಮೊಬೈಲ್ ಚಿತ್ರ ಹಾಕಿದ್ದರಂತೆ. ಇದನ್ನು ಹೇಳಿದ್ದು ಅಕ್ಕ, ಅವನಲ್ಲ. ರಾತ್ರಿ ಅವನ ಕಂಪ್ಯೂಟರಿನಲ್ಲಿ ಆ ಚಿತ್ರಗಳನ್ನು ನೋಡಿದೆ. ನೂರಾರು ಇದ್ದವು. ಚಿತ್ರಗಳ ಆಯ, ಬೆಳಕು, ಕಾದು ಹಿಡಿದ ಗಳಿಗೆ, ಇವೆಲ್ಲ ನನಗೆ ಜನ್ಮದಲ್ಲಿ ಬಾರದಂಥವು. ಒಂದೊಂದರಲ್ಲೂ ಕಣ್ಣು ಮಂಕು, ಕಿವಿ ಕಡೆದಿಟ್ಟಂತೆ ಸ್ಪಷ್ಟ.

ಮರುದಿನ ಮೇಜಿನ ಮೇಲೆ ಐದು ಸೆಲ್ಲುಗಳನ್ನು ಓರೆ ಸಾಲಾಗಿ, ಒಂದರ ಹಿಂದೊಂದು ನಿಲ್ಲಿಸಿದೆ. ರಿಮೋಟಿನ ನಾಲ್ಕು, ಗೋಡೆ ಗಡಿಯಾರದ್ದೊಂದು. ಕ್ಯಾಮೆರಾವನ್ನು ಪುಸ್ತಕಗಳ ಮೇಲೆ ಅಲುಗದ ಹಾಗೆ ಇಟ್ಟು ನಡುವಿನ ಸೆಲ್ಲಿಗೆ ಫೋಕಸ್ ಮಾಡಿದೆ. ಹತ್ತು ಸಲ ತೆಗೆದರೆ ಹತ್ತು ಸಲವೂ ಹಿಂದಿನ ಸೆಲ್ಲು ಸ್ಪಷ್ಟ. ಲೈವ್ ವ್ಯೂ ಹಾಕಿ, ಅಂದರೆ ಕನ್ನಡಿಯನ್ನು ಮೇಲೆತ್ತಿಸಿ ದೊಡ್ಡ ಸೆನ್ಸರಿನಿಂದಲೇ ಫೋಕಸ್ ಮಾಡಿಸಿ ತೆಗೆದೆ. ನಡುವಿನದೇ ಬಂತು. ಇಷ್ಟಕ್ಕೆ ಬೇಕಾದದ್ದು ಹದಿನೈದು ನಿಮಿಷ, ಐದು ಸೆಲ್ಲು. ಮುಂಬಯಿಯಲ್ಲಿ ಮೂರು ವರ್ಷ ಇವೆರಡೂ ನನ್ನ ಬಳಿ ಇದ್ದವು. "ಗಡಿಯಾರ ಎಂತಕ್ಕೆ ನಿಂತದ್ದ್?" ಎಂದು ಅಕ್ಕ ಒಳಗಿನಿಂದ ಕೇಳಿದಳು.

ರಿಪೇರಿಯೋ ಹೊಸದೋ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ದುಡ್ಡಿನ ಪ್ರಶ್ನೆಯಾಗಿ ಕೇಳುತ್ತೇವೆ. ಈಚೆಗೆ ಪರಿಸರದ ಪ್ರಶ್ನೆಯಾಗಿಯೂ ಕೇಳುತ್ತೇವೆ. ಅದು ಒಳ್ಳೆಯದೇ. ಗ್ರಾಹಕ ವ್ಯವಹಾರಗಳ ಇಲಾಖೆಯು ರಿಪೇರಿ ಹಕ್ಕಿನ ಬಗ್ಗೆ 2022ರ ಜುಲೈಯಲ್ಲಿ ಸಮಿತಿಯೊಂದನ್ನು ಮಾಡಿತು. ಆದರೆ ಆ ಹಕ್ಕೆಲ್ಲ ಕಂಪನಿಗೂ ಗಿರಾಕಿಗೂ ನಡುವಿನದು. ಮಾವನಿಗೂ ಅಳಿಯನಿಗೂ ನಡುವೆ ಯಾವ ಇಲಾಖೆ ಬರುತ್ತದೆ? ಹೊಸದು ಕೊಳ್ಳುವುದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಮಿರರ್‌ಲೆಸ್ಸಿನಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸನ್ನೂ ನೋಡುವುದರಿಂದ ಈ ಎರಡು ಅಳತೆಗಳ ಜಗಳವೇ ಇಲ್ಲ. ಅದು ನಿಜವಾದ ಸುಧಾರಣೆ, ಬರೀ ಮಾರಾಟದ ಮಾತಲ್ಲ. ಹಳೆಯದನ್ನು ಹಿಡಿದುಕೊಂಡು ಕೂರುವುದರಲ್ಲೂ ಒಂದು ಬಗೆಯ ಜಂಬ ಇರುತ್ತದೆ, ನನ್ನ ಕೆಲವು ಗೆಳೆಯರಲ್ಲಿ ಕಂಡಿದ್ದೇನೆ. ನನ್ನ ತಪ್ಪು ಕೊಂಡದ್ದರಲ್ಲಿರಲಿಲ್ಲ. ಎಲ್ಲಿ ಕೆಟ್ಟಿದೆ ಎಂದು ತಿಳಿಯುವ ಕೆಲಸವನ್ನು ನಾನು ಕೊಳ್ಳುವುದರಿಂದ ತಪ್ಪಿಸಿಕೊಂಡೆ. ಕೆಟ್ಟದ್ದು ಮಾತ್ರ ಮಾಯವಾಗಲಿಲ್ಲ. ಅದು ಮತ್ಸ್ಯಗಂಧ ಹತ್ತಿ ಊರಿಗೆ ಹೋಯಿತು. ನನ್ನ ಕೈಯ ಮೇಲಿದ್ದ ಅನುಮಾನ ಅವನ ಕೈಯ ಮೇಲೆ ಕೂತಿತು. ನನಗಾದರೆ ಇನ್ನೊಂದು ಕ್ಯಾಮೆರಾ ಕೊಂಡು ಹೋಲಿಸುವ ಶಕ್ತಿಯಿತ್ತು. ಅವನಿಗೆ ಹೋಲಿಸಲು ಇದ್ದದ್ದು ತನ್ನ ಕೈ ಒಂದೇ.

ಊರಿನವರು ಬೊಂಬಾಯಿಯಿಂದ ಬಂದದ್ದನ್ನು ಅನುಮಾನಿಸುವುದಿಲ್ಲ. ಕೊಟ್ಟದ್ದನ್ನು ಹಾಳು ಎಂದರೆ ಕೊಟ್ಟವರಿಗೆ ನೋವಾದೀತು ಎಂಬ ದಾಕ್ಷಿಣ್ಯ ಬೇರೆ. ಆ ದಾಕ್ಷಿಣ್ಯದ ಮೇಲೆ ನಾವು ಎಷ್ಟೊಂದು ಹಳೆ ಸಾಮಾನು ಹೇರಿದ್ದೇವೆ!

ಕ್ಯಾಮೆರಾವನ್ನು ತಿರುಗಿ ಮುಂಬಯಿಗೆ ತಂದೆ. ಹೆಂಡತಿ ನಕ್ಕಳು, ಊರಿನಿಂದ ಹಲಸಿನಹಪ್ಪಳ ತರುವವರನ್ನು ನೋಡಿದ್ದೇನೆ, ಇದೇನು ಎಂದು. ಸಿಎಸ್‌ಎಂಟಿ ಸ್ಟೇಷನ್ನಿನಿಂದ ರಸ್ತೆ ದಾಟಿದರೆ ಫೋರ್ಟಿನ ಬೋರಾ ಬಜಾರ್ ಗಲ್ಲಿ. ಕ್ಯಾಮೆರಾ ಅಂಗಡಿಗಳ ಸಂತೆ ಅದು. ಅಲ್ಲೊಂದು ಮಾಳಿಗೆಯ ಮೇಲೆ, ಎರಡು ಜನ ಎದುರುಬದುರು ನಿಲ್ಲಲಾಗದ ಕೋಣೆಯಲ್ಲಿ ಒಬ್ಬ ವಯಸ್ಸಾದ ರಿಪೇರಿಯವರು. ನಾನು ಸೆಲ್ಲುಗಳ ಚಿತ್ರ ತೋರಿಸಿದೆ. ಅದನ್ನು ಸರಿಯಾಗಿ ನೋಡುವ ಮೊದಲೇ ಅವರು, "ಗಿರಾ ಥಾ ಕ್ಯಾ?" ಎಂದರು.

ಬಿದ್ದಿತ್ತು. 2016ರ ಒಂದು ಭಾನುವಾರ, ಕಪಾಟಿನಿಂದ ತೆಗೆಯುವಾಗ ಪಟ್ಟಿ ಸಿಕ್ಕಿಹಾಕಿಕೊಂಡು ಮೊಣಕಾಲೆತ್ತರದಿಂದ ನೆಲಕ್ಕೆ. ಗೀರು ಕೂಡ ಆಗಿರಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ, ಹಾಗಾಗಿ ನಾನೂ ಮರೆತುಬಿಟ್ಟೆ. ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ಸರ್ವಿಸ್ ಸೆಂಟರಿನ ಹುಡುಗ ಕೂಡ. ಕೇಳಿದ್ದರೆ ಹೌದು ಎನ್ನುತ್ತಿದ್ದೆನೋ, ಆಣೆ ಮಾಡಲಾರೆ.

ಪುಟ್ಟ ಕನ್ನಡಿ ಒರಗುವ ಜಾಗದಲ್ಲಿ ಒಂದು ಸಣ್ಣ ತಿರುಪು ಇದೆ. ಅವರು ತೆಳುವಾದ ಅಲೆನ್ ಕೀ ಹಾಕಿ ಅದನ್ನು ಸಾಸಿವೆಯಷ್ಟು ತಿರುಗಿಸಿದರು, ಗೋಡೆಯ ಚಾರ್ಟಿಗೆ ಹಿಡಿದು ಪರೀಕ್ಷೆ ಮಾಡಿದರು, ಮತ್ತೆ ತಿರುಗಿಸಿದರು. ನಲವತ್ತು ನಿಮಿಷ, ಸಾವಿರದ ಇನ್ನೂರು ರೂಪಾಯಿ. ಇದರ ಮೋಟಾರು ಹೋಗಿದ್ದರೆ ನಾನೇ ಬಿಸಾಡಿ ಅನ್ನುತ್ತಿದ್ದೆ, ಪಾರ್ಟು ಸಿಗುವುದಿಲ್ಲ ಎಂದರು. ಅವರಿಗೆ ರಿಪೇರಿಯ ಬಗ್ಗೆ ನನ್ನಷ್ಟು ಭಾವುಕತೆ ಇದ್ದ ಹಾಗಿರಲಿಲ್ಲ.

ಫೋನಿನಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ದೀಪಾವಳಿಗೆ ಹೋದಾಗ ಕ್ಯಾಮೆರಾ ಕೈಗೆ ಕೊಟ್ಟು, ನಿನ್ನ ಕೈ ಮೊದಲಿನಿಂದಲೂ ಸರಿ ಇತ್ತು ಮಾರಾಯ, ಕೆಟ್ಟದ್ದು ಇದು, ಎಂದೆ. ಕನ್ನಡಿ, ತಿರುಪು, ಬಿದ್ದದ್ದು ಎಲ್ಲ ಹೇಳಿದೆ. ಅವನು ಅದನ್ನು ತಿರುಗಿಸಿ ನೋಡುತ್ತಿದ್ದ.

"ಕೊಡುವಾಗ ನಿಮಗೆ ಗೊತ್ತಿತ್ತಾ ಮಾವ?"

ಗೊತ್ತಿತ್ತು, ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಬ್ಯಾಟರಿ ಚಾರ್ಜ್ ಆಗಿದೆಯಾ ಎಂದು ಕೇಳಿದ.